ಮಿಕ್ಸಿಗೆ ಹೆದರುವ ಪಾಪಣ್ಣ

ಮುನಿರತ್ನಮ್ಮನ ಪಾಪಣ್ಣನಿಗೆ ಭಯ ಅನ್ನುವುದೇ ಇರಲಿಲ್ಲ. ಗಿಣಿ ಅಂದಮೇಲೆ ಸ್ವಲ್ಪವಾದರೂ ಪುಕ್ಕಲಾಗಿರಬೇಕು ತಾನೆ? ಇವನೋ, ಬೆಕ್ಕು ಬಂದರೆ ಅದರೆದುರಿಗೇ ಹೋಗಿ ನಿಂತು, ಕತ್ತು ಓರೆ ಮಾಡಿ, "ಊಟ ಆಯ್ತಾ?" ಎಂದು ವಿಚಾರಿಸುವವನು. ಚನ್ನಪಟ್ಟಣದ ಆ ಬೀದಿಯಲ್ಲಿ ಪಾಪಣ್ಣ ಊಟ ವಿಚಾರಿಸದ ಜನವೇ ಇಲ್ಲ. ಕೇಳಿದವರೆಲ್ಲ ನಕ್ಕು ಮುಂದೆ ಹೋಗುತ್ತಿದ್ದರು. ಮುನಿರತ್ನಮ್ಮ ಮಾತ್ರ ಪ್ರತಿಸಲವೂ, "ಆಯ್ತು ಕಣಪ್ಪ, ನಿಂದು?" ಎಂದು ಮರ್ಯಾದೆಯಿಂದ ಉತ್ತರ ಕೊಡುತ್ತಿದ್ದಳು.

ಗಿಣಿ ಸಾಕುವುದು ಕಾನೂನಿಗೆ ವಿರುದ್ಧ ಎಂದು ಅವಳಿಗೆ ಟೀವಿಯಿಂದ ಗೊತ್ತಾಯಿತು. ಮೊದಲು ಟೀವಿಯನ್ನೇ ಚೆನ್ನಾಗಿ ಬೈದಳು. ಆಮೇಲೆ ಹಾರುವ ಹಕ್ಕಿಯನ್ನು ಇಷ್ಟು ವರ್ಷ ಕೂಡಿಹಾಕಿದೆನಲ್ಲ ಎಂದು ಅತ್ತಳು. ಕೊನೆಗೆ ಗಂಡ ಲಕ್ಷ್ಮಯ್ಯನ ಸ್ಕೂಟರಿನ ಹಿಂದೆ ಪಂಜರ ತಬ್ಬಿಕೊಂಡು ಕೂತು, ಬೈರಾಪಟ್ಟಣದ ತೋಟವೊಂದರಲ್ಲಿ ಸಾಕಿದ ಗಿಣಿಗಳನ್ನು ಮತ್ತೆ ಕಾಡಿಗೆ ಬಿಡುವವರ ಹತ್ತಿರ ಒಪ್ಪಿಸಿ ಬಂದಳು.

ಅಲ್ಲಿ ಮಹೀನ್ ಎಂಬ ಹಕ್ಕಿ ಡಾಕ್ಟರು ಇದ್ದಳು. ಸುತ್ತ ಬಲೆ ಕಟ್ಟಿದ ಎತ್ತರದ ಮನೆಯಲ್ಲಿ ಗಿಣಿಗಳನ್ನು ಹಾರಿಸಿ ರೆಕ್ಕೆಗೆ ಬಲ ಬರಿಸುವುದು, ತಟ್ಟೆಯ ಅನ್ನ ಮರೆಸಿ ಮರದ ಕಾಯಿ ಕೀಳಲು ಕಲಿಸುವುದು ಅವಳ ಕೆಲಸ. ಪಾಪಣ್ಣ ಎಲ್ಲದರಲ್ಲೂ ಪಾಸಾದ. ಹೆದರುವುದರಲ್ಲಿ ಮಾತ್ರ ಫೇಲಾದ.

"ಗಿಡುಗ ಕಂಡ್ರೆ ಹಾರಿ ಓಡದ ಗಿಣೀನ ಬಿಡೋಕಾಗಲ್ಲಮ್ಮ," ಎಂದು ಮಹೀನ್ ಫೋನು ಮಾಡಿದಳು. "ಬಿಟ್ಟ ದಿನಾನೇ ಅದರ ಬಾಯಿಗೆ ಬೀಳ್ತಾನೆ. ಹೆದರೋದು ಕಲೀಲಿಲ್ಲ ಅಂದ್ರೆ ಸಾಯೋವರೆಗೂ ಈ ಬಲೆಯೊಳಗೇ ಇರ್ಬೇಕಾಗುತ್ತೆ."

"ಅಯ್ಯೋ ನಮ್ಮವ್ವ! ಬಲೆಯೊಳಗೆ ಇರೋದಾದ್ರೆ ನಾನ್ಯಾಕೆ ಹೊಟ್ಟೆ ಉರ್ಕಂಡು ಕಳಿಸ್ಬೇಕಾಗಿತ್ತು?"

ಹೆದರಿಕೆ ಕಲಿಸಲು ಒಂದು ಮರದ ಗಿಡುಗ ಬೇಕೆಂದು ಮಹೀನ್ ಹೇಳಿದಾಗ ಲಕ್ಷ್ಮಯ್ಯ ಹುರುಪಿನಿಂದ ಕೂತ. ಬೊಂಬೆ ಕಡೆಯುವುದೇ ಅವನ ಕಸುಬು. ಆದರೆ ಅದು ಮಕ್ಕಳನ್ನು ನಗಿಸುವ ಬೊಂಬೆ ಮಾಡಿದ ಕೈ ನೋಡಿ! ಗಿಡುಗಕ್ಕೆ ದುಂಡು ಹೊಟ್ಟೆ ಬಂತು, ಕೆಂಪು ಅರಗಿನ ಹೊಳಪು ಬಂತು, ಕೊಕ್ಕಿನ ತುದಿಯಲ್ಲಿ ಸಣ್ಣ ನಗುವೂ ಬಂತು. ನೆಂಟರ ಮನೆಗೆ ಹೊರಟ ಹಾಗಿದ್ದ ಆ ಗಿಡುಗದ ತಲೆಯ ಮೇಲೆ ಪಾಪಣ್ಣ ಹೋಗಿ ಕೂತ. ಬಗ್ಗಿ, ಹೊಳಪಿನಲ್ಲಿ ಕಂಡ ತನ್ನ ಮುಖಕ್ಕೇ, "ಊಟ ಆಯ್ತಾ?" ಎಂದ.

"ಏನ್ರೀ ಇದು, ಗಿಡುಗನ ಬಾಯಲ್ಲಿ ನಗು ಮಡಗಿದ್ದೀರಲ್ಲ!"

"ನಾನೆಲ್ಲಿ ಮಡಗ್ದೆ ಕಣಮ್ಮಿ? ಕೈಯೇ ಹಂಗೆ ತಿರುಗ್‌ಬುಡ್ತದೆ," ಎಂದು ಲಕ್ಷ್ಮಯ್ಯ ತಲೆ ಕೆರೆದುಕೊಂಡ.

ಎರಡನೆಯ ಗಿಡುಗವನ್ನು ಹೊಳಪಿಲ್ಲದೆ, ಬೂದು ಬಣ್ಣದಲ್ಲಿ, ಹಲ್ಲು ಕಚ್ಚಿಕೊಂಡು ಮಾಡಿದ. ಬೇರೆ ಗಿಣಿಗಳೆಲ್ಲ ಕಿರುಚಿ ಮೂಲೆ ಸೇರಿದವು. ಪಾಪಣ್ಣ ಅದರ ಊಟವನ್ನೂ ವಿಚಾರಿಸಿದ.

ಮಹೀನ್ ಸೋತು ನೆಲದ ಮೇಲೆ ಕೂತಳು. "ನಿಮ್ಮನೇಲಿ ಯಾವುದಕ್ಕಾದ್ರೂ ಹೆದರ್ತಿದ್ನಾ ಅಮ್ಮ?"

"ಮಿಕ್ಸಿಗೆ. ಚಟ್ನಿ ರುಬ್ಬೋಕೆ ಸುರು ಮಾಡುದ್ರೆ ಸಾಕು, ಗ್ಯಾಸ್ ಸಿಲಿಂಡ್ರಿನ ಹಿಂದಕ್ಕೆ ಓಡೋನು."

ಮಹೀನ್ ದಡಕ್ಕನೆ ಎದ್ದು ನಿಂತಳು. ಮರುದಿನ ಮುನಿರತ್ನಮ್ಮ ಮಿಕ್ಸಿಯನ್ನು ಮಡಿಲಲ್ಲಿಟ್ಟುಕೊಂಡು ಸ್ಕೂಟರು ಹತ್ತಿದಳು. ಗಿಡುಗ ಕಾಣಿಸಿದ ಕೂಡಲೇ ಮರೆಯಲ್ಲಿ ಮಿಕ್ಸಿ ಗರ್ರೆನ್ನುವುದು, ಪಾಪಣ್ಣ ಎದ್ದೆನೋ ಬಿದ್ದೆನೋ ಎಂದು ಹಾರುವುದು. ಹೀಗೇ ನಡೆದು ನಡೆದು, ಒಂದು ದಿನ ಮಿಕ್ಸಿ ಹಾಕದೆಯೇ ಗಿಡುಗ ಕಂಡು ಪಾಪಣ್ಣ ಚಾವಣಿ ಸೇರಿದ. ಲಕ್ಷ್ಮಯ್ಯ ಚಪ್ಪಾಳೆ ಹೊಡೆದ.

"ಇನ್ನೊಂದು ಬಾಕಿ ಇದೆ," ಎಂದಳು ಮಹೀನ್. "ಮನುಷ್ಯರಿಗೂ ಹೆದರ್ಬೇಕು, ಇಲ್ದಿದ್ರೆ ಯಾರಾದ್ರೂ ಹಿಡಿದು ಮತ್ತೆ ಪಂಜರಕ್ಕೆ ಹಾಕ್ತಾರೆ. ಅವನು ತುಂಬ ನಂಬೋದು ನಿಮ್ಮನ್ನ. ಈ ಸಲ ಗಿಡುಗಾನ ನೀವೇ ಹಿಡ್ಕೊಂಡು ಒಳಗೆ ಹೋಗಿ. ಅವನು ಮಾತಾಡಿದ್ರೂ ಉತ್ತರ ಕೊಡ್ಬೇಡಿ."

"ನನ್ನೇ ಕಂಡು ಹೆದರ್ಕತಾನಲ್ಲವ್ವ!"

"ಅದೇ ಬೇಕಾಗಿರೋದು ಅಮ್ಮ."

ಮುನಿರತ್ನಮ್ಮ ಗಿಡುಗ ಹಿಡಿದು ಒಳಗೆ ಹೋದಳು. ಪಾಪಣ್ಣ ಅವಳ ಮುಖ ನೋಡಿ, ಸಂತೋಷದಿಂದ, "ಊಟ ಆಯ್ತಾ?" ಎಂದ. "ಆಯ್ತು" ಅನ್ನಲು ತೆರೆದ ಬಾಯನ್ನು ಅವಳು ಸೆರಗಿನಿಂದ ಮುಚ್ಚಿಕೊಂಡಳು. ಗಿಡುಗವನ್ನು ಎತ್ತಿ ಅವನತ್ತ ಬೀಸಿದಳು. ಅವನು ಕಿರುಚಿಕೊಂಡು ಅವಳಿಂದ ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಹಾರಿದ. ದಿನವೂ ಅದೇ ಆಯಿತು. ಕೊನೆಗೆ ಅವಳು ಬರಿಗೈಯಲ್ಲಿ ಬಂದರೂ ಅವನು ಹತ್ತಿರ ಸುಳಿಯಲಿಲ್ಲ. ಅವತ್ತು ಮನೆಗೆ ಬಂದು ಅವಳು ಊಟ ಮಾಡಲಿಲ್ಲ.

ಮಹೀನ್ ಬಲೆಯ ಬಾಗಿಲು ತೆಗೆದ ಬೆಳಿಗ್ಗೆ ಪಾಪಣ್ಣ ಹಿಂದೆ ತಿರುಗಿಯೂ ನೋಡದೆ ಹೋದ.

ಸೀಬೆ ಹಣ್ಣಿನ ಕಾಲ ಬಂತು. ಒಂದು ಮುಂಜಾನೆ ಮುನಿರತ್ನಮ್ಮ ಪಾತ್ರೆ ತೊಳೆಯುತ್ತಿದ್ದಾಗ ಹಿತ್ತಲಿನ ಸೀಬೆ ಮರದ ತುಂಬ ಗಿಣಿಗಳ ಗಲಾಟೆ. ಅದರ ನಡುವಿನಿಂದ ಒಂದು ದನಿ: "ಊಟ ಆಯ್ತಾ?"

ಅವಳ ಕೈಯಿಂದ ಲೋಟ ಜಾರಿತು. ಪಾಪಣ್ಣನೇ! ಮೈ ತುಂಬಿಕೊಂಡಿದ್ದ. ಪಕ್ಕದಲ್ಲಿ ಒಂದು ಹೆಣ್ಣು ಗಿಣಿ ಅಂಟಿಕೊಂಡು ಕೂತಿತ್ತು. ಹಳೆಯ ಮನೆಯ ಗುರುತು ಹತ್ತಿತೋ ಏನೋ, ಅವನು ಮೆಲ್ಲಗೆ ಕೆಳಗಿನ ಕೊಂಬೆಗೆ ಇಳಿದ. ಇನ್ನೊಂದು ಕೊಂಬೆ ಇಳಿದ. ಕೈ ಚಾಚಿದರೆ ಸಿಗುತ್ತಿದ್ದ. ಅವಳ ಕೈ ತಾನಾಗಿಯೇ ಮೇಲೆದ್ದಿತು.

"ಅಲ್ಲಾಡ್ಬೇಡಿ ರತ್ನಮ್ಮ, ನಾನು ಹಿಡೀತೀನಿ!" ಎಂದು ಪಿಸುಗುಟ್ಟುತ್ತ ಪಕ್ಕದ ಮನೆಯ ನಾಗರಾಜು ಟವೆಲು ಬಿಚ್ಚಿಕೊಂಡು ಕಾಂಪೌಂಡಿನ ಆಚೆಯಿಂದ ಬಗ್ಗಿ ಬಂದ. "ಮಾತಾಡೋ ಗಿಣಿ ಕಣ್ರೀ!"

ಮುನಿರತ್ನಮ್ಮ ಒಂದೇ ಓಟಕ್ಕೆ ಅಡುಗೆಮನೆಗೆ ನುಗ್ಗಿ ಮಿಕ್ಸಿಯ ಸ್ವಿಚ್ಚು ಒತ್ತಿದಳು. ಗರ್ರೆಂದದ್ದೇ ತಡ, ಎಲ್ಲರಿಗಿಂತ ಮೊದಲು ಪಾಪಣ್ಣ ಹಾರಿದ, ಅವನ ಹಿಂದೆ ಅವನ ಹೆಂಡತಿ, ಅವಳ ಹಿಂದೆ ಇಡೀ ಹಿಂಡು. ನಾಗರಾಜು ಖಾಲಿ ಟವೆಲು ಹಿಡಿದು ನಿಂತ.

"ಖಾಲಿ ಮಿಕ್ಸಿ ಯಾಕಮ್ಮಿ ಓಡಿಸ್ತಿದ್ದೀಯ? ಸುಟ್ಟೋಗ್ತದೆ!" ಎಂದು ಲಕ್ಷ್ಮಯ್ಯ ಒಳಗಿನಿಂದ ಕೂಗಿದ.

ಅವಳು ಮಿಕ್ಸಿ ಆರಿಸಿದಳು. ಹಿತ್ತಲ ಬಾಗಿಲಿಗೆ ಬಂದು, ಕಣ್ಣು ಒರೆಸಿಕೊಂಡು, ನಗುತ್ತ, ದೂರ ಹೋಗುತ್ತಿದ್ದ ಹಿಂಡಿನ ಕಡೆ ಕತ್ತೆತ್ತಿ ಹೇಳಿದಳು:

"ಆಯ್ತು ಕಣಪ್ಪ, ನಿಂದು?"