ಅರ್ಜಿದಾರಳ ಕೈಬಳೆ

ಗಂಡ ಸತ್ತ ಮೇಲೂ ಬಸವರಾಜೇಶ್ವರಿ ಬಳೆ ಒಡೆಯಲಿಲ್ಲ. ರಾಜಾಜಿನಗರದ ಆ ವಠಾರದ ಕಣ್ಣಿಗೆ ಅದೇ ದೊಡ್ಡ ತಪ್ಪಾಯಿತು, ಗಂಡನನ್ನು ಕೊಂದವರ ತಪ್ಪಿಗಿಂತಲೂ ದೊಡ್ಡದು.

ಎಪ್ಪತ್ತೆಂಟರಲ್ಲಿ ಒಂದು ಸಂಬಳದ ದಿನ, ಕಾರ್ಖಾನೆಯಿಂದ ಬರುತ್ತಿದ್ದ ಚನ್ನವೀರಪ್ಪನನ್ನು ಇಬ್ಬರು ಅಡ್ಡಗಟ್ಟಿದರು. ಸಂಬಳದ ಕವರ್ ಬಿಡದೆ ಹಿಡಿದುಕೊಂಡದ್ದಕ್ಕೆ ಹೊಟ್ಟೆಗೆ ಚಾಕು ಹಾಕಿದರು. ಇಂಥ ಸಾವಿಗೆ ಸರ್ಕಾರ ಎರಡು ಸಾವಿರ ಪರಿಹಾರ ಕೊಡುವುದುಂಟು ಎಂದು ಕೇಳಿ ಬಸವರಾಜೇಶ್ವರಿ ಅರ್ಜಿ ಹಾಕಿದಳು. ದುಡ್ಡು ಬಂದರೆ ಮಗಳು ಜಯದೇವಿ ಎಸ್ಸೆಸ್ಸೆಲ್ಸಿ ಮುಗಿಸುತ್ತಾಳೆ. ಬರದಿದ್ದರೆ ಮಾಗಡಿ ರಸ್ತೆಯಲ್ಲಿ ಊದುಬತ್ತಿ ಹೊಸೆಯಲು ಕೂರುತ್ತಾಳೆ.

ವಿಚಾರಣೆಗೆ ಬಂದ ಗುಮಾಸ್ತ ಪುರುಷೋತ್ತಮ ಅವಳ ಹಣೆಯ ವಿಭೂತಿ ನೋಡಿದ, ಕೈಯ ಹಸಿರು ಬಳೆ ನೋಡಿದ, ಮೂಲೆಯ ಹೊಲಿಗೆ ಮಿಷನ್ನು ನೋಡಿದ. 'ಅರ್ಜಿದಾರಳು ನಿರ್ಗತಿಕಳಲ್ಲ' ಎಂದು ಬರೆದುಕೊಂಡು ಹೋದ. ಅದನ್ನು ಬರೆಯುವಾಗ ಅವನು ಕುಡಿಯುತ್ತಿದ್ದದ್ದು ಅವಳೇ ಕೊಟ್ಟ ಕಾಫಿ!

"ನಾಳೆ ಆಫೀಸಿಗೆ ಕರೆದಿದಾರಲ್ಲಾ, ಬಳೆ ತೆಗೆದಿಟ್ಟು ಹೋಗಿ," ಎಂದರು ಪಕ್ಕದ ಮನೆಯ ಸತ್ಯವತಿ. "ಹರಕಲು ಸೀರೆ ಉಟ್ಕೊಂಡು ಸ್ವಲ್ಪ ಅತ್ತುಬಿಡಿ. ನಿಮ್ಮ ಗಂಟೇನು ಹೋಗುತ್ತೆ?"

ಬಸವರಾಜೇಶ್ವರಿ ಗದಗಿನ ಕಡೆಯವಳು. "ಮಣ್ಣು ಮಾಡಿ ಬಂದ ದಿನ ನಮ್ಮತ್ತಿನೇ ಹೇಳ್ಯಾರ್ರೀ, ಕೈ ಬೋಳು ಮಾಡ್ಕೋಬ್ಯಾಡ ಅಂತ. ಮಗನ್ನ ಕಳ್ಕೊಂಡಾಕಿ ಮಾತು ಬಿಟ್ಟು ಗುಮಾಸ್ತನ ಮಾತು ಕೇಳ್ಲೇನು?"

ಮರುದಿನ ಅವಳು ಕೈಮಿಷನ್ನನ್ನು ಸೊಂಟಕ್ಕೇರಿಸಿಕೊಂಡು ಬಸ್ಸು ಹತ್ತಿದಳು. ಹೊಲಿದು ಕೊಡಬೇಕಾದ ಲಂಗಗಳಿದ್ದವು. ಕಚೇರಿಯಲ್ಲಿ ಕಾಯಿಸುತ್ತಾರೆಂಬುದೂ ಗೊತ್ತಿತ್ತು. ವರಾಂಡದಲ್ಲಿ ಕೂತು ಹೊಲಿಯತೊಡಗಿದಳು. ಕಟಕಟ ಸದ್ದಿಗೆ ಸಾಹೇಬರು ಜಗನ್ನಾಥರಾಯರೇ ಹೊರಗೆ ಬಂದರು.

"ಏನಮ್ಮಾ ಇದು? ದುಡಿದು ತಿನ್ನೋರಿಗೆ ಪರಿಹಾರ ಯಾಕೆ? ಇದು ಗತಿಯಿಲ್ಲದವರಿಗೆ."

ಅವಳಿಗೆ ಮೈಯೆಲ್ಲ ಉರಿಯಿತು. ಹೆದರಿಕೆಯೂ ಆಯಿತು, ಸುಳ್ಳು ಯಾಕೆ. ಊದುಬತ್ತಿಯ ಮಸಿ ಮೆತ್ತಿದ ಜಯದೇವಿಯ ಬೆರಳುಗಳು ಕಣ್ಣಮುಂದೆ ಬಂದವು. ಆದರೂ ಎದ್ದು ನಿಂತಳು.

"ನಾ ಭಿಕ್ಷಾಕ್ಕ ಬಂದಿಲ್ರೀ. ಅವರಿದ್ದಾಗೂ ಹೊಲೀತಿದ್ದೆ, ಈಗೂ ಹೊಲೀತೀನಿ. ಬಡವಿ ಗಂಡ ಅಂತ ಅವರನ್ನ ಕೊಂದ್ರೇನು? ಸರ್ಕಾರದ ದೀಪದ ಕಂಬದ ಕೆಳಗ ಕೊಂದ್ರು, ಕಾಯಬೇಕಾದವ್ರು ಕಾಯಲಿಲ್ಲ. ಅದಕ್ಕ ಪರಿಹಾರ ಕೇಳಾಕ ಬಂದೀನಿ. ಕೊಡೂದಿಲ್ಲಂದ್ರ ಬರದುಕೊಡ್ರಿ: ಈಕಿ ಬಳಿ ಹಾಕ್ಕೊಂಡಾಳ, ಅದಕ್ಕ ಈಕಿ ಗಂಡನ ಕೊಲೆಗೆ ಪರಿಹಾರ ಇಲ್ಲ ಅಂತ. ಸಹಿ ಹಾಕ್ರಿ. ಅಲ್ಲೀತನಕ ನಾ ಇಲ್ಲೇ ಹೊಲೀತೀನಿ."

ಅಂಥದ್ದಕ್ಕೆ ಸಹಿ ಹಾಕಲು ಯಾವ ಸಾಹೇಬನ ಕೈ ಮುಂದೆ ಬಂದೀತು? ಹದಿನೇಳು ದಿನ ವರಾಂಡದಲ್ಲಿ ಮಿಷನ್ನು ಸದ್ದು ಮಾಡಿತು. ಹದಿನೆಂಟನೆಯ ದಿನ ಪುರುಷೋತ್ತಮ ಚೆಕ್ಕನ್ನೂ ರಸೀದಿಯನ್ನೂ ತಂದು ಮುಂದಿಟ್ಟ. ರಸೀದಿಯಲ್ಲಿ 'ನಿರ್ಗತಿಕ ವಿಧವೆ' ಎಂದು ಅಚ್ಚಾಗಿತ್ತು.

ಬಸವರಾಜೇಶ್ವರಿ ಪೆನ್ನು ತೆಗೆದುಕೊಂಡು ಆ ಎರಡು ಪದ ಹೊಡೆದುಹಾಕಿದಳು. ಮೇಲೆ ಬರೆದಳು: 'ಕೊಲೆಯಾದ ಚನ್ನವೀರಪ್ಪನ ಹೆಂಡತಿ.'

"ಅಯ್ಯೋ, ಫಾರಂ ಕೆಡಿಸಿಬಿಟ್ರಲ್ಲಮ್ಮಾ! ಈಗ ಚೆಕ್ ಹೇಗೆ ಕೊಡೋದು?"

"ಇನ್ನೊಂದು ತರ್ರಿ. ಅದರಾಗೂ ಇದನ್ನ ಬರೀತೀನಿ," ಎಂದು ಅವಳು ಮತ್ತೊಂದು ಲಂಗದ ಬಟ್ಟೆ ಬಿಚ್ಚಿ ಮಿಷನ್ನಿಗೆ ಕೊಟ್ಟಳು.

ಪುರುಷೋತ್ತಮ ಸಾಹೇಬರ ಬಾಗಿಲು ನೋಡಿದ, ಮಿಷನ್ನು ನೋಡಿದ. ಚೆಕ್ಕನ್ನು ಅವಳ ಮುಂದೆ ಸರಿಸಿ, ಆ ರಸೀದಿಯನ್ನೇ ಫೈಲಿಗೆ ಸೇರಿಸಿದ.