ಮೇದಪ್ಪ ನೋಡದ ಕರಪತ್ರ

ಮೇದಪ್ಪನ ಚಿತೆಗೆಂದು ಕಡಿಯುತ್ತಿದ್ದ ಮಾವಿನ ಮರಕ್ಕೆ ಶೀನಪ್ಪನ ಕೊಡಲಿ ನಾಲ್ಕನೇ ಸಲ ಬೀಳುವಾಗ ನೆರೆಮನೆಯ ಕುಕ್ಕಪ್ಪ ಹೇಳಿದ: "ಮೇದಪ್ಪಣ್ಣ ಹುಷಾರಿದ್ದಿದ್ರೆ ನನ್ನ ನಾಯಿ ಸಾಯ್ತಿರ್ಲಿಲ್ಲ."

ಕೊಡಲಿ ನಿಂತಿತು.

"ಇಲಿಪಾಷಾಣದ ಉಂಡೆ ಗದ್ದೆಯಲ್ಲಿ ಇಡಿ ಅಂತ ನಿಮ್ಮ ಕಾಗದದಲ್ಲಿತ್ತು, ಇಟ್ಟೆ. ಬೆಳಿಗ್ಗೆ ನಾಯಿ ತಿಂದಿತು." ಕುಕ್ಕಪ್ಪನಿಗೆ ಸಿಟ್ಟಿರಲಿಲ್ಲ. ಶೀನಪ್ಪನಿಗೆ ತಡೆಯಲಾಗದ್ದು ಅದೇ.

ಅಂಗಳದಲ್ಲಿ ಹೆಣವಾಗಿ ಮಲಗಿದ್ದ ಮೇದಪ್ಪನೂ ಶೀನಪ್ಪನೂ ಕೃಷಿ ಸಂಶೋಧನಾ ಕೇಂದ್ರದ ಸಹಾಯಕರು. ದೊಡ್ಡವರ ಇಂಗ್ಲಿಷ್ ಪ್ರಬಂಧಗಳನ್ನು ಸುಳ್ಯ, ಪುತ್ತೂರಿನ ರೈತರಿಗಾಗಿ ಕನ್ನಡದ ಕರಪತ್ರ ಮಾಡುವುದು, ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡುವುದು, ಐವತ್ತೆರಡನೇ ಇಸವಿಯಿಂದ ಹನ್ನೆರಡು ವರ್ಷ ಹೀಗೇ ನಡೆದಿತ್ತು.

*

ಮೇದಪ್ಪ ನೋಡುವ ರೀತಿಯೇ ಬೇರೆ. ಬರೆದಷ್ಟನ್ನೇ ಮಾಡುವುದು, ಕೂದಲೆಳೆಯಷ್ಟೂ ಹೆಚ್ಚಿಲ್ಲ. 'ಅಡಿಕೆಗೆ ಸಿಂಪಡಿಸಲು ಮೈಲುತುತ್ತನ್ನು ನೀರಿನಲ್ಲಿ ಕರಗಿಸಿ' ಎಂದು ಶೀನಪ್ಪ ಬರೆದಾಗ ಹೆಂಡತಿಯ ಕಬ್ಬಿಣದ ಬಾಲ್ದಿಯಲ್ಲೇ ಕರಗಿಸಿ, ತೂತು ಬಿದ್ದ ಬಾಲ್ದಿಯನ್ನು ಆಫೀಸಿಗೆ ಹೊತ್ತು ತಂದಿದ್ದ.

"ಕಬ್ಬಿಣದ್ದು ಆಗುದಿಲ್ಲ ಅಂತ ಇದರಲ್ಲಿ ಎಲ್ಲಿ ಉಂಟು ಮಾರಾಯ?"

ಸಾಹೇಬರೂ ನಕ್ಕರು. ಶೀನಪ್ಪನ ಮುಖ ಚಿಕ್ಕದಾಯಿತು. ಆ ಉರಿ ಆರಲೇ ಇಲ್ಲ. ಮೇದಪ್ಪ ಹಾಸಿಗೆ ಹಿಡಿದಾಗ, "ಹೊಸದು ಎಂತಾದ್ರೂ ಬರೆದಿದ್ರೆ ತಾ" ಎಂದು ಹೇಳಿ ಕಳಿಸಿದ್ದ. "ಎಂತದೂ ಇಲ್ಲ" ಎಂದುಬಿಟ್ಟ ಶೀನಪ್ಪ. ಇಲಿಪಾಷಾಣದ ಕರಪತ್ರ ಆಗಲೇ ಅಚ್ಚಿಗೆ ಹೋಗಿತ್ತು.

*

ಕಟ್ಟಿಗೆ ಹೊತ್ತು ಅಂಗಳಕ್ಕೆ ಬಂದಾಗ ಮೇದಪ್ಪನ ಹೆಂಡತಿ ಅಮ್ಮು ತಲೆಯೆತ್ತಿದಳು.

"ಕಡೆವರೆಗೂ ಕೇಳ್ತಾ ಇದ್ರು, ಶೀನಪ್ಪ ಎಂತ ಬರೆದ ಅಂತ. ನೀವು ಬರೆದಿರ್ಲಿಲ್ಲ, ಅಲ್ವಾ ಅಣ್ಣ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹಿಂದೆಯೇ ಕಟ್ಟಿಗೆ ಹೊತ್ತು ಬಂದ ಕುಕ್ಕಪ್ಪ ನೆಲ ನೋಡುತ್ತಿದ್ದ.

"ಬರೆದಿದ್ದೆ ಅಕ್ಕ. ಬೇಕಂತಲೇ ತೋರಿಸ್ಲಿಲ್ಲ. ನಾಳೆ ಕುಂಬ್ರ ಪೇಟೆಯಲ್ಲಿ ಇನ್ನೂ ಐನೂರು ಹಂಚ್ಲಿಕ್ಕೆ ಉಂಟು."

ಅಮ್ಮು ಗಂಡನ ಮುಖದ ಮೇಲಿನ ಬಟ್ಟೆ ಸರಿಸಿದಳು. "ಹಾಗಾದ್ರೆ ಈಗ ಓದಿ. ಇನ್ನೂ ಇಲ್ಲೇ ಇದ್ದಾರಲ್ಲ."

ಶೀನಪ್ಪ ಹೆಣದ ತಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಕಿಸೆಯ ಕರಪತ್ರ ಬಿಡಿಸಿ ಓದತೊಡಗಿದ. ಹನ್ನೆರಡು ವರ್ಷದ ಅಭ್ಯಾಸ, ಒಂದೊಂದು ವಾಕ್ಯ ಮುಗಿದಾಗಲೂ ಮೇದಪ್ಪನ ತಕರಾರಿಗೆಂದು ನಿಲ್ಲುತ್ತಿದ್ದ. 'ಉಂಡೆಗಳನ್ನು ಸಂಜೆ ಗದ್ದೆಯ ಬದುವಿನಲ್ಲಿ ಇಡಿ' ಎಂದು ಓದಿ ಮೇದಪ್ಪನ ಕಡೆ ನೋಡಿದ.

"ಮತ್ತೆ ಬೆಳಿಗ್ಗೆ ಎಂತ ಮಾಡ್ಬೇಕು?" ಹಿಂದಿನಿಂದ ಕುಕ್ಕಪ್ಪ ಕೇಳಿದ.

ಶೀನಪ್ಪ ಪೆನ್ಸಿಲ್ ತೆಗೆದು ಅಂಚಿನಲ್ಲಿ ಬರೆದ: 'ಬೆಳಿಗ್ಗೆ ನಾಯಿ, ಕೋಳಿ ಬಿಡುವ ಮೊದಲು ಉಳಿದ ಉಂಡೆಗಳನ್ನು ಹೆಕ್ಕಿ ಹೂಳಬೇಕು.' ಆಮೇಲೆ ಕಾಗದವನ್ನು ಮೇದಪ್ಪನ ಮುಖದ ಕಡೆಗೆ ತಿರುಗಿಸಿ, ಓದಿ ಮುಗಿಸುವಷ್ಟು ಹೊತ್ತು ಹಿಡಿದುಕೊಂಡ.