ಕುಬಸ ಹೊಲಿದ ಸೂಜಿ

ಒಂದಾನೊಂದು ಕಾಲದಲ್ಲಿ ಯಂತ್ರವೊಂದರ ಹೊಟ್ಟೆಯೊಳಗೆ ಉಕ್ಕಿನ ತಂತಿ ಮಲಗಿತ್ತು. ಯಂತ್ರ ಅದನ್ನು ಕತ್ತರಿಸಿತು, ಮಸೆಯಿತು, ಕಣ್ಣು ಕೊಟ್ಟಿತು. ಆ ಸೂಜಿಯೇ ನಾನು. ಹಾಗಾಗಿ ಯಂತ್ರದ ಮೇಲೆ ನನಗೆ ಹಗೆಯಿಲ್ಲ, ಅದು ಹೆತ್ತವ್ವ. ನನ್ನ ಸಿಟ್ಟೇ ಬೇರೆ.

ಧಾರವಾಡದ ಸಂತೆಯಲ್ಲಿ ನನ್ನನ್ನು ಕೊಂಡವಳು ಸಂಕವ್ವ. ಕಣ್ಣು ಮಂಜಾದಾಗ ಸೊಸೆ ನೀಲವ್ವನ ಕೈಗಿಟ್ಟಳು. ಕಸೂತಿಗೆ ಗೆರೆ ಎಳೆಯುವುದಿಲ್ಲ, ಬಟ್ಟೆಯ ಎಳೆ ಎಣಿಸುತ್ತ ಹೋಗಬೇಕು. ಹೋದ ದಾರಿಯಲ್ಲೇ ಮರಳಿ, ಬಿಟ್ಟ ಜಾಗ ತುಂಬಬೇಕು. ನೀಲವ್ವನ ಬೆರಳ ತುದಿಯಲ್ಲಿ ನಾನು ಅದೆಷ್ಟು ಆನೆ, ಎಷ್ಟು ನವಿಲು ನಡೆಸಿದೆನೋ!

ನೀಲವ್ವನ ಮಗಳು ಮಹಾನಂದಾ ಬಸುರಿಯಾದಳು. ಏಳನೇ ತಿಂಗಳಲ್ಲಿ ತವರಿನವರು ಶಾಸ್ತ್ರ ಮಾಡಿ ಕುಬಸ, ಅಂದರೆ ಹೊಸ ರವಿಕೆ, ತೊಡಿಸಬೇಕು. "ಯಾರೂ ತೊಡದಂಥಾ ಕುಬಸ ಹೊಲಿದು ಕೊಡ್ತೀನಿ" ಎಂದು ನೀಲವ್ವ ಮಾತು ಕೊಟ್ಟು, ಹಸಿರು ಬಟ್ಟೆಯ ಮೇಲೆ ತೊಟ್ಟಿಲು ತೆಗೆಯತೊಡಗಿದಳು.

ಆಗ ಬಂದ, ಬಟ್ಟೆ ಅಂಗಡಿಯ ಕಾಂತೇಶ. "ಅಕ್ಕಾರ, ಈ ಕ್ಯಾಮರಾ ಮುಂದ ಕುಂತು ಹೊಲೀರಿ. ಕಂಪ್ಯೂಟರ್ ನಿಮ್ಮ ಕೈ ನೋಡಿ ಕಲೀತೈತಿ."

ಕಲಿಯಲು ಬಂದವರನ್ನು ನೀಲವ್ವ ಎಂದೂ ಅಟ್ಟಿದವಳಲ್ಲ. ಹೂಂ ಅಂದು, ಕ್ಯಾಮರಾದ ಮುಂದೆಯೇ ತೊಟ್ಟಿಲು ಮುಂದುವರಿಸಿದಳು.

ಕುಬಸದ ಶಾಸ್ತ್ರಕ್ಕೆ ಎರಡು ದಿನವಿರುವಾಗ ಮಹಾನಂದಾ ಏದುಸಿರು ಬಿಡುತ್ತ ಬಂದಳು. "ಅವ್ವಾ, ನನ್ನ ಕುಬಸದಂಥಾವು ಅಂಗಡ್ಯಾಗ ರಾಶಿ ಬಿದ್ದಾವ! ಮ್ಯಾಲೆ ನಿನ್ನ ಫೋಟೋ. 'ನೀಲವ್ವನ ಕೈಕಸೂತಿ' ಅಂತ ಬರದಾರ!"

ನೀಲವ್ವ ಎದ್ದಳು. ಅವಳ ಸೆರಗಿಗೆ ಚುಚ್ಚಿಕೊಂಡಿದ್ದ ನಾನೂ ಕಾಂತೇಶನ ಅಂಗಡಿಗೆ ಹೊರಟೆ.

"ಏ ತಮ್ಮಾ, ಇದು ಯಾರ ಕೈ?"

"ಮಷಿನ್ದು ಅಕ್ಕಾರ. ಆದ್ರ ಕಲಿಸಿದವರು ನೀವಲ್ರೀ? ಪುಕ್ಕಟೆ ಹೆಸರು ಬಂತು, ಖುಷಿ ಪಡ್ರಿ."

"ಅದು ಕಲತತು, ಸುಳ್ಳು ಹೇಳಿದಾಂವ ನೀನು! ಮಷಿನ್ ಹೊಲದದ್ದಕ್ಕ ಮಷಿನ್ ಅಂತ ಬರಿ. ನನ್ನ ಮಗಳಿಗೆ ಕೊಟ್ಟ ಮಾತು ಮಾರಾಕ ನೀ ಯಾರೋ?"

ಫೋಟೋ ಕಿತ್ತು ಕಂಕುಳಲ್ಲಿಟ್ಟುಕೊಂಡಳು. ಕಾಂತೇಶನ ಬೆರಳು ನನ್ನ ಹತ್ತಿರವೇ ಇತ್ತು. ಚುಚ್ಚೋಣವೆಂದರೆ ನನಗೆ ಕೈಯಿಲ್ಲ!

ಮನೆಯಲ್ಲಿ ನನ್ನ ಮೂಗಿನಿಂದಲೇ ತೊಟ್ಟಿಲಿನ ಒಂದೊಂದು ಹೊಲಿಗೆ ಬಿಚ್ಚಿಸಿದಳು. ನಾನೇ ಹಾಕಿದ್ದನ್ನು ನಾನೇ ಕೀಳುವ ಸಂಕಟ ಯಾರಿಗೆ ಹೇಳಲಿ?

"ಏನ ತಿನ್ನೂ ಆಸೆ ಆಗೈತಿ?" ಮಗಳನ್ನು ಕೇಳಿದಳು.

"ಪೇರಲಹಣ್ಣು. ಅದೂ ಗಿಳಿ ಕಚ್ಚಿದ್ದು."

ನೀಲವ್ವ ಅಷ್ಟು ಸಿಟ್ಟಿನಲ್ಲೂ ನಕ್ಕುಬಿಟ್ಟಳು. "ಬಸುರಿ ಬಯಕಿ ಯಾವ ಕ್ಯಾಮರಾಕ್ಕೂ ಕಾಣಂಗಿಲ್ಲ ಬಿಡು" ಎನ್ನುತ್ತ, ತೊಟ್ಟಿಲು ಬಿಚ್ಚಿದ ಜಾಗದಲ್ಲಿ ಹೊಸದಾಗಿ ಎಳೆ ಎಣಿಸತೊಡಗಿದಳು.

ಈಗ ನನಗೆ ಮುಪ್ಪು. ನಡು ಬಾಗಿದೆ, ಕಣ್ಣು ಸವೆದಿದೆ. ನಾಳೆ ಯಂತ್ರಗಳು ಸಾವಿರ ಸೂಜಿ ಹಿಡಿದು ಹೊಲಿಯಲಿ, ಬೇಡವೆನ್ನುವವಳು ನಾನಲ್ಲ. ಆದರೆ ಒಬ್ಬಳ ಕೈ ಕದ್ದು ಅವಳಿಗೇ ಹಾರ ಹಾಕಿ ಮೆರೆಸುವುದಿದೆಯಲ್ಲ, ಅದನ್ನು ಕಂಡರೆ ಉಕ್ಕಿಗೂ ಮೈ ಉರಿಯುತ್ತದೆ.

ಅಂದು, ಕುಬಸಕ್ಕೆ ಮುತ್ತೈದೆಯರು ಬಂದು ಕೂರುವ ಹೊತ್ತಿಗೆ ಗಿಳಿ ಕಚ್ಚಿದ ಪೇರಲದ ಕೊನೆಯ ಎಳೆ ಮುಗಿಯಿತು. ನೀಲವ್ವ ಕುಬಸ ಕೊಡವಿ, ಮಗಳಿಗೆ ತೊಡಿಸಿದಳು.